ಮಗ್ಗಲಾ ಬದಲಿಸೋ ಅಕ್ಷರ

ಬೆಟಗೇರಿ ರೈಲ್ವೆ ಗೇಟಿನಾಚೆ, ಮುಚ್ಚಿದ ಪ್ರೆಸ್ಸಿನೊಳಗ
ನಾಕು ರವಿವಾರದ ಶಿಬಿರ. ಫೀ ಇನ್ನೂರು, ಚಾ ಸಹಿತ.
ಹರಿದ ಹವಾಯಿ ಚಪ್ಪಲಿ ಮನಿಯಿಂದ ತರ್ರಿ ಅಂದಿದ್ರು.
ಅದರ ಅಟ್ಟಿ ಮ್ಯಾಲನ ಕೆತ್ತೂದು.

ನಾನು ಪಿಗ್ಮಿ ಏಜೆಂಟ. ವಾರದ ಆರು ದಿನ
ಮಂದಿಯ ಹತ್ತು, ಇಪ್ಪತ್ತು ಎಣಿಸಿದ ಕೈ ಇದು,
ಬ್ಲೇಡು ಹಿಡಿದ್ರ ನಡಗತೈತಿ.
ಬಾಜೂಕ ದವಾಖಾನಿ ನರ್ಸು ಮಾರ್ಥಾ ಬಾಯಿ,
ಮೀಸಿಗಿಂತ ಮೊದಲ ಸಿಟ್ಟು ಚಿಗುರಿದ ಹುಡುಗ ಸೋಹೇಲ,
ಮಗ್ಗ ಮಾರಿ ಈಗ ಎಟಿಎಂ ಕಾಯೋ ಪರಪ್ಪ.

ಚಿತ್ರದ ಮಾಸ್ತರ ಇಮಾಮಹುಸೇನ ಅಂದ:
"ಮೊದಲ ನಿಮ್ಮ ನಿಮ್ಮ ಹೆಸರು ಕೆತ್ತರಿ."
ಬ್ಯಾರೆ ಏನೂ ಹೇಳಲಿಲ್ಲ. ಬೇಕಂತನ ಹೇಳಲಿಲ್ಲ.

ಕೆತ್ತಿದ್ವಿ. ರಬ್ಬರಿನ ನೀಲಿ ಬಿಳಿ ಚೂರು
ಕೂದಲಾಗ, ತೊಡಿ ಮ್ಯಾಲ, ಚಾದ ಕಪ್ಪಿನಾಗ.
ರೋಲರಿಗೆ ಕರೀ ಮಸಿ ಹಚ್ಚಿ, ಹಾಳಿ ಒತ್ತಿ,
ಮೆಲ್ಲಕ ಎಬ್ಬಿಸಿ ನೋಡಿದ್ರ
ಚಂಬಣ್ಣ ಅನ್ನೋ ನನ್ನ ಹೆಸರು
ನನಗ ಬೆನ್ನು ಮಾಡಿ ನಿಂತಿತ್ತು.
ಒತ್ತಕ್ಷರ ಎಡಕ್ಕ ಜೋತು ಬಿದ್ದಿತ್ತು.
ನಡುವಿನ ಸೊನ್ನಿ ಒಂದ
ಎರಡೂ ಕಡಿಂದ ಸೊನ್ನಿನ ಆಗಿ ನಿಶ್ಚಿಂತಿಲೆ ಕೂತಿತ್ತು.
ಮಾರ್ಥಾ ಬಾಯಿ ನಕ್ಕು ನಕ್ಕು ಸ್ಟೂಲಿನಿಂದ ಜಾರಿದ್ರು.
ಸೋಹೇಲ ತನ್ನ ಹಾಳಿ ಮುದ್ದಿ ಮಾಡಿ ಒಗದ.
ಉಳಿದದ್ದನ್ನ ಹಗ್ಗಕ್ಕ ತೂಗುಹಾಕಿದ್ವಿ, ಒಣಗಲಿ ಅಂತ.

ಹನ್ನೊಂದಕ್ಕ ಗಿರಮಿಟ್ಟಿನ ಬುಟ್ಟಿ ಹೊತ್ತು ಬಂದ್ಳು ಫಕ್ಕೀರವ್ವ.
ನನ್ನ ಪಿಗ್ಮಿ ಗಿರಾಕಿ. ಪುಸ್ತಕದಾಗ ಅಕಿದು ಬರೇ ಹೆಬ್ಬಟ್ಟು.
ಪೊಟ್ಟಣ ಹಂಚಿ, ರೊಕ್ಕ ಸೊಂಟಕ್ಕ ಸಿಗಸಿ,
ಹೋಗೂದು ಬಿಟ್ಟು ಹಗ್ಗದ ಮುಂದ ನಿಂತ್ಳು.
"ಚಂಬಣ್ಣ. ಮಾರ್ಥಾ. ಪರಪ್ಪ."
ತಡವರಸದ ಓದಿದ್ಳು, ಬಸ್ಸಿನ ಬೋರ್ಡ ಓದಿದಂಗ.
"ಚಲೋನ ಬರದೀರಲ್ಲ, ಮತ್ಯಾಕ ನಗತೀರಿ?"

ಯಾರೂ ಚಾ ಕುಡಿಲಿಲ್ಲ.

"ಮೂರನೇತ್ತೆದಾಗ ನಾನೂ ಹಿಂಗ ಬರೀತಿದ್ದೆ.
ರೂಲರಿನ ಅಂಚಿಲೆ ಗೆಣ್ಣಿಗೆ ಬೀಳತಿದ್ವು.
ಐದು ಏಟಿಗೆ ಒಂದು ಅಕ್ಷರ ಸರಿ ಆಗತಿತ್ತು,
ಮರುದಿನ ಮತ್ತ ಮಗ್ಗಲಾ ಬದಲಿಸತಿತ್ತು.
ಅವ್ವ ಅಂದ್ಳು, ಇದಕ್ಕ ವಿದ್ಯಾ ಹತ್ತೂದಿಲ್ಲ,
ಭಜಿ ಹಿಟ್ಟು ಕಲಸಲಿ."

ಮೂಲ್ಯಾಗ ಕೂತಿದ್ದ ಅಂದಾನೆಪ್ಪಜ್ಜ.
ಇದ ಪ್ರೆಸ್ಸಿನಾಗ ಮೂವತ್ತೆಂಟು ವರ್ಷ ಮೊಳಿ ಜೋಡಿಸಿದಾಂವ,
ಊರಿನ ಮದುವಿ, ಮುಂಜಿವಿ, ಶಿವಗಣಾರಾಧನಿ ಎಲ್ಲಾ
ಊರಿಗಿಂತ ಮೊದಲ, ತಿರುವಿ ಓದಿದ ಕಣ್ಣು.
ಎದ್ದು ಬಂದ. ಅಕಿ ಕಾಲು ನೋಡಿದ.
"ಬಿಚ್ಚು."
"ಇದು ಇನ್ನೂ ಹರದಿಲ್ಲ, ಯಜ್ಜಾ."
"ಇರಲಿ, ಬಿಚ್ಚು."

ಬಲಗಾಲಿಂದು. ಹಿಮ್ಮಡ ಸವದು ಕನ್ನಡಿಯಂಗ ನುಣ್ಣಗ.
ಎಣ್ಣಿ ಕೈ ಸೆರಗಿಗೆ ಒರಸಿದ್ಳು,
ಗೆರಿ ಹಾಕಲಿಲ್ಲ, ಪೆನ್ಸಿಲ್ಲು ಮುಟ್ಟಲಿಲ್ಲ,
ಉಳ್ಳಾಗಡ್ಡಿ ಹೆಚ್ಚಿದಂಗ ಕೆತ್ತಿದ್ಳು.
ಮಸಿ ಹಚ್ಚಿದ್ದು ಅಜ್ಜ. ಹಾಳಿ ಎಬ್ಬಿಸಿದ್ದೂ ಅಜ್ಜ.
ಫಕ್ಕೀರವ್ವ.
ನೆಟ್ಟಗ. ಒತ್ತಕ್ಷರ ಒತ್ತಕ್ಷರದ ಜಾಗಾದಾಗ.
ಮಾಸ್ತರನ ಹೆಸರೂ ಅಷ್ಟು ನೆಟ್ಟಗ ಬಂದಿರಲಿಲ್ಲ.

ನಾವು ಚಪ್ಪಾಳಿ ಹೊಡದ್ವಿ. ಅಕಿ ಹೊಡಿಲಿಲ್ಲ.
ಹಾಳಿ ದೂರ ಹಿಡದ್ಳು, ಹತ್ತರ ಹಿಡದ್ಳು, ಹುಬ್ಬು ಗಂಟಿಕ್ಕಿದ್ಳು.
"ಇದು ನನಗ ತಿಳಿವಲ್ದು," ಅಂದು
ಹಾಳಿ ನನ್ನ ಕೈಯಾಗ ತುರುಕಿ
ಚಪ್ಪಲಿ ಎತ್ತಿ, ಮಸಿ ಮೆತ್ತಿದ ಅಟ್ಟಿ ಓದಿದ್ಳು,
ಒಂದೊಂದು ಅಕ್ಷರದ ಮ್ಯಾಲ ಬೆರಳಿಟ್ಟು,
ಗೆಣ್ಣು ಊದಿದ್ದ ಅದ ಬೆರಳು.

ಆಮ್ಯಾಲ ಅದನ್ನ ಕಾಲಿಗೆ ಹಾಕ್ಕೊಂಡು, ಬುಟ್ಟಿ ಹೊತ್ತು ಹೊಂಟ್ಳು.
ಇನ್ನೂ ನಾಕು ಅಂಗಡಿಗೆ ಕೊಡೂದಿತ್ತು.
ಪ್ರೆಸ್ಸಿನ ಕಲ್ಲಿನ ಮ್ಯಾಲ ಫಕ್ಕೀರವ್ವ,
ಹೊಸ್ತಿಲದ ಮ್ಯಾಲ ಫಕ್ಕೀರವ್ವ,
ಗಟಾರದ ಹಾಸಬಂಡಿ ಮ್ಯಾಲ ಕ್ಕೀರವ್ವ,
ಗೇಟಿನ ಹತ್ತರ ಬರೇ ವ್ವ.
ಎಡಗಾಲು ಏನೂ ಹೇಳಲಿಲ್ಲ.

ಸೋಹೇಲ ಮುದ್ದಿ ಮಾಡಿದ್ದ ಹಾಳಿ ಹುಡುಕಿ ಬಿಡಿಸಿದ.

ಸೋಮವಾರ ಸಂಜೀಕ ಪಿಗ್ಮಿಗೆ ಹೋದೆ.
ಕಡಾಯಿ ಕಾದಿತ್ತು. ಇಪ್ಪತ್ತು ರೂಪಾಯಿ ಕೊಟ್ಳು.
ರೂಢಿಲೆ ಶಾಯಿ ಪ್ಯಾಡು ಮುಂದ ಮಾಡಿದೆ.
ಅಕಿ ಕಾಲು ಮುಂದ ಮಾಡಿದ್ಳು.